ಪೇಟೆಂಟ್ ದಾವೆಯಲ್ಲಿ ನಮ್ಮ ವಾಶಿಂಗ್ ಫಾರ್ಮುಲಾವನ್ನು ಎದುರಾಳಿಗೆ ತೋರಿಸಲೇಬೇಕೇ?

ಪ್ರಶ್ನೆ: ಕೌಲ್‌ಬಜಾರ್ ನಿವಾಸಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ವಾಶಿಂಗ್ ಘಟಕ. ನಾವು ಬಳಸುವ ಎಂಜೈಮ್ ವಾಶ್ ವಿಧಾನ ತನ್ನ ಪೇಟೆಂಟಿನ ಉಲ್ಲಂಘನೆ ಎಂದು ಹೊರ ರಾಜ್ಯದ ಕಂಪನಿಯೊಂದು ಇಲ್ಲಿಯೇ ದಾವೆ ಹೂಡಿದೆ. ಸಮನ್ಸ್ ಬಂದು ಹತ್ತು ದಿನವಾಯಿತು. ನಮ್ಮ ವಿಧಾನ ಬೇರೆ ಎನ್ನುವುದಕ್ಕೆ ಇರುವ ಆಧಾರ ಒಂದೇ, ಮಾಸ್ಟರ್ ಬರೆದಿಡುವ ನೋಟ್‌ಬುಕ್. ಯಾವ ಬಟ್ಟೆಗೆ ಎಷ್ಟು ಎಂಜೈಮ್, ನೀರು ಎಷ್ಟು ಬಿಸಿ, ಡ್ರಮ್ ಎಷ್ಟು ನಿಮಿಷ ತಿರುಗಬೇಕು ಎಂಬುದೆಲ್ಲ ಅದರಲ್ಲಿದೆ. ಪುಟದ ಅಂಚಿಗೆಲ್ಲ ಅವರ ಬೆರಳಿನ ನೀಲಿ ಹತ್ತಿದೆ. ಅದನ್ನು ಕೊಟ್ಟರೆ ದಾವೆ ಗೆದ್ದರೂ ನಮ್ಮ ಕಸುಬು ಎದುರಾಳಿಯ ಕೈಸೇರುತ್ತದೆ, ಕೊಡದಿದ್ದರೆ ಸೋಲುತ್ತೇವೆ ಎಂಬ ಭಯವಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಧಾರವಾಡದ ವಕೀಲ

ನಿಮ್ಮ ಭಯ ನ್ಯಾಯವಾದದ್ದು. ಕಾನೂನು ಕೂಡ ಅದನ್ನು ಗಮನಿಸಿದೆ. ಪ್ರಕ್ರಿಯೆಯ ಪೇಟೆಂಟ್ (ಸರಕಿಗಲ್ಲ, ತಯಾರಿಸುವ ವಿಧಾನಕ್ಕೆ ಸಿಕ್ಕ ಪೇಟೆಂಟ್) ಆಗಿದ್ದರೆ 1970ರ ಪೇಟೆಂಟ್ ಕಾಯ್ದೆಯ ಕಲಂ 104ಎ ಓದಿ. ಕೆಲವು ಸಂದರ್ಭಗಳಲ್ಲಿ, ಅಂದರೆ ನಿಮ್ಮ ಸರಕು ಪೇಟೆಂಟ್ ಪ್ರಕ್ರಿಯೆಯಿಂದ ನೇರವಾಗಿ ಬರುವ ಸರಕಿಗೆ ತದ್ರೂಪವೆಂದು ವಾದಿ ಮೊದಲು ತೋರಿಸಿದ ಮೇಲೆ, ನಿಮ್ಮ ವಿಧಾನ ಬೇರೆಯೆಂದು ಸಾಬೀತುಪಡಿಸುವ ಹೊಣೆಯನ್ನು ನ್ಯಾಯಾಲಯ ನಿಮ್ಮ ಮೇಲೆ ಹೊರಿಸಬಹುದು. ಆದರೆ ಆ ಹೊಣೆ ನೆರವೇರಿದೆಯೇ ಎಂದು ನೋಡುವಾಗ, ತಯಾರಿಕೆಯ ಅಥವಾ ವ್ಯಾಪಾರದ ಗುಟ್ಟನ್ನು ಬಯಲು ಮಾಡಿ ಎನ್ನುವುದು ಸಮಂಜಸವಲ್ಲವೆಂದು ಕಂಡರೆ ಹಾಗೆ ಕೇಳಕೂಡದು ಎಂದು ಅದೇ ಕಲಮಿನ ಎರಡನೆಯ ಉಪಕಲಮು ಹೇಳುತ್ತದೆ. ಇದು ನೋಟ್‌ಬುಕ್ ಬಚ್ಚಿಡಲು ಸಿಕ್ಕ ಅನುಮತಿಯಲ್ಲ. ವಾಣಿಜ್ಯ ದಾವೆಯಲ್ಲಿ ಲಿಖಿತ ಹೇಳಿಕೆಯ, ಅಂದರೆ ದಾವೆಗೆ ನೀವು ಬರೆದು ಕೊಡುವ ಉತ್ತರದ, ಜೊತೆಗೇ ನಿಮ್ಮ ಬಳಿಯಿರುವ ಸಂಬಂಧಪಟ್ಟ ದಾಖಲೆಗಳ ಪಟ್ಟಿಯನ್ನೂ ಪ್ರತಿಗಳನ್ನೂ ಸಲ್ಲಿಸಬೇಕಾಗುತ್ತದೆ. ಲಿಖಿತ ಹೇಳಿಕೆಗೆ 30 ದಿನ, ಅನುಮತಿ ಪಡೆದರೆ ಒಟ್ಟು 120 ದಿನ, ಅದರಾಚೆಗೆ ದಾರಿಯಿಲ್ಲ. ಆದ್ದರಿಂದ ಗೋಪ್ಯತೆಯ ಅರ್ಜಿಯನ್ನು ಅದಕ್ಕೂ ಮೊದಲೇ ಹಾಕಿ, ಏಕೆಂದರೆ ಒಮ್ಮೆ ಎದುರಾಳಿ ಓದಿದ ಪುಟವನ್ನು ಯಾವ ಆದೇಶವೂ ಮರೆಸಲಾರದು.

ಮಾದರಿ ಬೇಕಿದ್ದರೆ ದೆಹಲಿ ಹೈಕೋರ್ಟಿನ 2018ರ ಮೂಲ ವಿಭಾಗದ ನಿಯಮಗಳಲ್ಲಿ ‘ಕಾನ್ಫಿಡೆನ್ಶಿಯಾಲಿಟಿ ಕ್ಲಬ್’ ಎಂಬ ವ್ಯವಸ್ಥೆಯಿದೆ. ದಾಖಲೆ ಮೊಹರು ಮಾಡಿದ ಲಕೋಟೆಯಲ್ಲಿರುತ್ತದೆ. ಪ್ರತಿ ಪಕ್ಷದಿಂದ ಮೂವರಿಗಿಂತ ಹೆಚ್ಚಿಲ್ಲದ ವಕೀಲರು, ಇಬ್ಬರಿಗಿಂತ ಹೆಚ್ಚಿಲ್ಲದ ಹೊರಗಿನ ತಜ್ಞರು ಮಾತ್ರ ನೋಡಬಹುದು. ಕಂಪನಿಯ ಸ್ವಂತ ನೌಕರಿಯಲ್ಲಿರುವ ವಕೀಲರು ಅದರಲ್ಲಿ ಇರುವಂತಿಲ್ಲ. ಆ ನಿಯಮ ಬಳ್ಳಾರಿಗೆ ಅನ್ವಯಿಸದು, ಆದರೂ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 151ರ ಅಡಿ, ಅಂದರೆ ನ್ಯಾಯಾಲಯದ ಅಂತರ್ಗತ ಅಧಿಕಾರದಡಿ, ಅದೇ ರೀತಿಯ ಆದೇಶ ಕೋರಬಹುದು.

ಉತ್ತರ: ರೈಸ್‌ಮಿಲ್ ಮಾಲೀಕ, ಗಂಗಾವತಿ

ಸರ್, ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಯಂತ್ರದ ವ್ಯಾಜ್ಯವೊಂದರಲ್ಲಿ ನಾನು ಬಾಯ್ಲರ್ ಬಿಲ್ಲು, ಕರೆಂಟ್ ಬಿಲ್ಲು ಸೇರಿ ಎಲ್ಲಕ್ಕೂ ‘ಗೋಪ್ಯ’ ಎಂದು ಬರೆಸಿದೆ. ಇದರಲ್ಲಿ ಗುಟ್ಟು ಯಾವುದು ಎಂದು ನ್ಯಾಯಾಧೀಶರು ಕೇಳಿದಾಗ ನಮ್ಮ ವಕೀಲರ ಬಳಿ ಉತ್ತರವಿರಲಿಲ್ಲ. ಕೊನೆಗೆ ಭತ್ತ ನೆನೆಸುವ ಹೊತ್ತು ಮತ್ತು ಹಬೆಯ ಲೆಕ್ಕವಿದ್ದ ಎರಡು ಹಾಳೆಗಳಿಗಷ್ಟೇ ರಕ್ಷಣೆ ಕೇಳಿದೆವು, ಸಿಕ್ಕಿತು. ನಿಮ್ಮ ನೋಟ್‌ಬುಕ್ಕಿನಲ್ಲೂ ಅಳತೆ ಮುಚ್ಚಿದ ಒಂದು ಪ್ರತಿ, ಮುಚ್ಚದ ಒಂದು ಪ್ರತಿ ಈಗಲೇ ಮಾಡಿಸಿ.

ಉತ್ತರ: ಧಾರವಾಡದ ವಕೀಲ

ಗಂಗಾವತಿಯವರ ಮಾತು ಸರಿ. ಇನ್ನೊಂದು ವಿಷಯ: ಪೇಟೆಂಟೇ ಅಸಿಂಧು ಎಂದು ನೀವು ಪ್ರತಿದಾವೆ ಹಾಕಿದರೆ ಕಲಂ 104ರ ಪ್ರಕಾರ ಪ್ರಕರಣ ಹೈಕೋರ್ಟಿಗೆ, ನಿಮ್ಮ ಜಿಲ್ಲೆಗಾದರೆ ಧಾರವಾಡ ಪೀಠಕ್ಕೆ, ವರ್ಗವಾಗುತ್ತದೆ. ಲಕೋಟೆಯ ರಕ್ಷಣೆ ಅಲ್ಲಿಯೂ ಮುಂದುವರಿಯುವಂತೆ ಆದೇಶದಲ್ಲೇ ಬರೆಸಿಕೊಳ್ಳಿ.

ಪ್ರಶ್ನಿಸಿದವರು

ಇಬ್ಬರಿಗೂ ಕೃತಜ್ಞತೆಗಳು. ನಾಳೆ ಮಾಸ್ಟರರನ್ನೂ ಕರೆದುಕೊಂಡು ವಕೀಲರ ಬಳಿ ಹೋಗುತ್ತೇನೆ. ಯಾವ ಪುಟದಲ್ಲಿ ನಿಜವಾದ ಗುಟ್ಟಿದೆ ಎಂದು ಅವರೇ ಗುರುತು ಹಾಕಲಿ.