ಗುಂಪು ಪ್ರಾಜೆಕ್ಟಿನ ಅಂಕಕ್ಕೆ ಎರಡು ಪದ ಬೇಕು: ಕಾಂಟ್ರಿಬ್ಯೂಷನ್, ಸೋಷಿಯಲ್ ಲೋಫಿಂಗ್

ಎಲ್ಲರಿಗೂ ನಮಸ್ಕಾರ.

ಡಿಗ್ರಿ ವಿದ್ಯಾರ್ಥಿಗಳ ಗುಂಪು ಪ್ರಾಜೆಕ್ಟಿಗೆ ಅಂಕ ಹಾಕುವ ಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾಲ್ವರೂ ಒಂದೇ ಗೂಗಲ್ ಡಾಕ್ಸ್ ಕಡತದಲ್ಲಿ ವರದಿ ಬರೆಯಬೇಕು. ಯಾರು ಯಾವಾಗ ಏನು ಸೇರಿಸಿದರು, ಏನು ಅಳಿಸಿದರು ಅನ್ನೋದು ವರ್ಷನ್ ಹಿಸ್ಟರಿಯಲ್ಲಿ ಹೆಸರಿನ ಸಮೇತ ಸಿಗುತ್ತದೆ. ಕೊನೆಗೆ ಗುಂಪಿನವರೇ ಒಬ್ಬರಿಗೊಬ್ಬರು ಅಂಕ ಹಾಕುತ್ತಾರೆ. ಇದಕ್ಕೆ ‘ಓರಗೆಯವರ ಮೌಲ್ಯಮಾಪನ’ ಸಾಕು ಅನಿಸಿದೆ. ತೊಡಕಿರುವುದು ಬೇರೆ ಎರಡು ಪದಗಳಲ್ಲಿ.

ಮೊದಲನೆಯದು ಕಾಂಟ್ರಿಬ್ಯೂಷನ್. ‘ಕೊಡುಗೆ’ ಅಂದರೆ ಸನ್ಮಾನಪತ್ರ ಓದಿದ ಹಾಗಾಗುತ್ತದೆ. ಕನ್ನಡ ವಿಕಿಪೀಡಿಯದ ‘ಕಾಣಿಕೆ’ ಅಲ್ಲಿ ಪುಕ್ಕಟೆ ದುಡಿಯುವವರಿಗೆ ಸರಿ, ಅಂಕಕ್ಕಾಗಿ ಮಾಡುವ ಕೆಲಸಕ್ಕೆ ಒಗ್ಗುವುದಿಲ್ಲ. ‘ಪಾಲು’ ಹಿಡಿಸಿತು. ಆದರೆ ‘ನಿನ್ನ ಪಾಲೆಷ್ಟು’ ಅಂದರೆ ಮಾಡಿದ್ದೋ, ಸಿಕ್ಕಿದ್ದೋ? ಇಲ್ಲಿ ಎರಡೂ ಇವೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದವರು ಮಾಡಿದ ವೆಬ್‌ಪಿಎ ಅನ್ನುವ, ಓರಗೆಯವರ ಮೌಲ್ಯಮಾಪನದ ತಂತ್ರಾಂಶದ ಲೆಕ್ಕ ಸರಳವಾಗಿ ಹೀಗಿದೆ: ಗುಂಪಿಗೆ 60 ಬಂದು, ಓರಗೆಯವರ ಅಂಕದಿಂದ ನಿಮ್ಮ ಗುಣಕ 1.1 ಆದರೆ ನಿಮಗೆ 66. ಅದೇ 0.8 ಆದರೆ 48. ಪಾಲು ಅನ್ನೋದು 1.1ಕ್ಕೋ, 66ಕ್ಕೋ? ‘ದುಡಿಮೆ’ ಅನ್ನೋಣವೇ? ಊರೂರು ಅಲೆದು ಮಾಹಿತಿ ತಂದ ಹುಡುಗಿಯ ಹೆಸರು ಹಿಸ್ಟರಿಯಲ್ಲಿ ಕಾಣದೇ ಇರಬಹುದು. ಅವಳು ಹೇಳಿದ್ದನ್ನು ಸುಮ್ನೆ ಟೈಪ್ ಮಾಡಿದವನ ಹೆಸರೇ ಉದ್ದಕ್ಕೂ ಇರುತ್ತದೆ. ದುಡಿಮೆ ಅಂದರೆ ಅವಳೂ ಒಳಗೆ ಬರುತ್ತಾಳೆ.

ಎರಡನೆಯದು ಸೋಷಿಯಲ್ ಲೋಫಿಂಗ್, ಅಂದರೆ ಒಂಟಿಯಾಗಿ ಮಾಡುವಾಗಿನಷ್ಟು ಶ್ರಮವನ್ನು ಗುಂಪಿನಲ್ಲಿ ಹಾಕದಿರುವುದು. ತಕ್ಷಣ ಹೊಳೆಯುವುದು ‘ಮೈಗಳ್ಳತನ’. ಎಂಥ ಒಳ್ಳೆ ಪದ! ಆದರೆ ಅದು ಬೈಗುಳ. ಫ್ರಾನ್ಸಿನ ರಿಂಗೆಲ್‌ಮನ್ 1913ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಂಟು ಜನ ಸೇರಿ ಹಗ್ಗ ಎಳೆದಾಗ ಒಬ್ಬೊಬ್ಬರ ಬಲ ಒಂಟಿಯಾಗಿ ಎಳೆದಾಗಿನ ಸುಮಾರು ಅರ್ಧಕ್ಕೆ ಇಳಿದಿತ್ತು. ಅದರಲ್ಲಿ ಸ್ವಲ್ಪ ಭಾಗ ಎಲ್ಲರೂ ಒಟ್ಟಿಗೆ ಜಗ್ಗಲಾರದ ತೊಂದರೆ. 1979ರಲ್ಲಿ ಮನಶ್ಶಾಸ್ತ್ರಜ್ಞರಾದ ಲಟಾನೆ, ವಿಲಿಯಮ್ಸ್, ಹಾರ್ಕಿನ್ಸ್ ಚಪ್ಪಾಳೆ, ಕೂಗಾಟ ಅಳೆದು ನೋಡಿದರು. ಆ ತೊಂದರೆಯನ್ನು ಕಳೆದರೂ, ಗುಂಪಿನಲ್ಲಿದ್ದೇನೆ ಅಂದುಕೊಂಡವರ ಶ್ರಮ ಕಡಿಮೆಯಾಗಿತ್ತು. ತನ್ನ ಕೆಲಸ ಬೇರೆಯಾಗಿ ಕಾಣುತ್ತದೆ ಅಂತ ಗೊತ್ತಾದರೆ ಈ ಸಡಿಲ ಹೋಗುತ್ತದೆ ಅಂತಲೂ ಅವರೇ ಮುಂದೆ ತೋರಿಸಿದರು. ಹಿಸ್ಟರಿ ತೆರೆದಿಡುವುದು ಅದಕ್ಕೇ, ಕಳ್ಳರನ್ನು ಹಿಡಿಯುವುದಕ್ಕಲ್ಲ. ಹೀಗಿರುವಾಗ ನಿಯಮದ ಹಾಳೆಯಲ್ಲೇ ‘ಮೈಗಳ್ಳ’ ಅಂತ ಬರೆದರೆ ಹೇಗೆ?

ಬೇಕಂತಲೇ ಏನೂ ಮಾಡದವನ ಮಾತು ಬೇರೆ. ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಅಂತೀವಲ್ಲ, ಅವನು ಅದರ ತಿರುಗುಮುರುಗು: ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಸದ್ಯಕ್ಕೆ ‘ಗುಂಪುಸಡಿಲ’ ಅಂತ ಇಟ್ಟುಕೊಂಡಿದ್ದೇನೆ. ಕಿವಿಗೆ ಸ್ವಲ್ಪ ಒರಟು, ಅಲ್ವಾ? ನಾಲ್ಕು ಜನ ಸೇರಿ ಹೊರೆ ಎತ್ತುವಾಗ ಒಬ್ಬನ ಕೈ ಸಡಿಲವಾದರೆ ನಿಮ್ಮ ಕಡೆ ಏನಂತಾರೆ? ಧಾರವಾಡ, ಬೀದರ್, ಕರಾವಳಿ ಕಡೆಯವರು ದಯವಿಟ್ಟು ತಿಳಿಸಿ. ಬೈಗುಳ ಆಗಿರದಿದ್ದರೆ ಸಾಕು.