ಐಸಿಯುನಲ್ಲಿ ರಾತ್ರಿ ಬಂದವರು ಡಾಕ್ಟರಲ್ಲವೇ? ಅಮೆರಿಕದ ಸರ್ಜಿಕಲ್ ಐಸಿಯು ನರ್ಸ್ ಪ್ರಾಕ್ಟೀಷನರ್ ಒಬ್ಬರೊಡನೆ ಪ್ರಶ್ನೋತ್ತರ

ಪ್ರಶ್ನೆ (ನ್ಯೂಜೆರ್ಸಿಯಿಂದ ಒಬ್ಬರು): ಅಕ್ಕಾ, ನಮಸ್ಕಾರ. ತುಮಕೂರಿನಿಂದ ನಮ್ಮಲ್ಲಿಗೆ ಬಂದಿದ್ದ ಅಪ್ಪನಿಗೆ ಕಳೆದ ಭಾನುವಾರ ಕರುಳು ತೂತಾಗಿ ತುರ್ತು ಶಸ್ತ್ರಚಿಕಿತ್ಸೆಯಾಯಿತು. ಅವರಿಗೆ 71 ವರ್ಷ. ಈಗ ಸರ್ಜಿಕಲ್ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ಮೊದಲ ರಾತ್ರಿ ಕುತ್ತಿಗೆಯ ರಕ್ತನಾಳಕ್ಕೆ ಲೈನ್ (ಔಷಧಿ ಕೊಡುವ ತೆಳು ಕೊಳವೆ) ಹಾಕಿದವರೂ ನಮ್ಮನ್ನು ಕೂರಿಸಿಕೊಂಡು ಎಲ್ಲವನ್ನೂ ವಿವರಿಸಿದವರೂ ಡಾಕ್ಟರೇ ಎಂದುಕೊಂಡಿದ್ದೆ. ಬೆಳಿಗ್ಗೆ ಬ್ಯಾಡ್ಜ್ ನೋಡಿದರೆ ‘ಪಿಎ’ ಎಂದಿದೆ. ನಮ್ಮೂರಿನಲ್ಲಿ ಪಿಎ ಎಂದರೆ ಮಂತ್ರಿಗಳ ಪಿಎ! “ದೊಡ್ಡ ಡಾಕ್ಟರು ಬರದೆ ಅಸಿಸ್ಟೆಂಟನ್ನು ಕಳಿಸಿದ್ದಾರೆ” ಎಂದು ಅಮ್ಮ ಅಳುತ್ತಿದ್ದಾರೆ. ನಮಗೆ ಮೋಸವಾಗಿದೆಯೇ?

ಉತ್ತರ: ಇಲ್ಲ. ಅಮ್ಮನಿಗೆ ಮೊದಲು ಅದನ್ನು ಹೇಳಿ. ನಾನು ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಇಲ್ಲಿ ಒಹಾಯೊದಲ್ಲಿ ಆರು ವರ್ಷ ಐಸಿಯು ನರ್ಸ್ ಆಗಿದ್ದು, ಆಮೇಲೆ ಮುಂದೆ ಓದಿ ನರ್ಸ್ ಪ್ರಾಕ್ಟೀಷನರ್, ಅಂದರೆ ಚಿಕಿತ್ಸೆಯನ್ನೂ ಬರೆಯುವ ನರ್ಸ್, ಆದವಳು. ರಾತ್ರಿ ಏಳರಿಂದ ಬೆಳಿಗ್ಗೆ ಏಳರವರೆಗೆ ನಿಮ್ಮ ಅಪ್ಪನಂಥವರ ಮಗ್ಗುಲಲ್ಲೇ ಇರುತ್ತೇನೆ.

ಪಿಎ ಎಂದರೆ ಫಿಜಿಶಿಯನ್ ಅಸಿಸ್ಟೆಂಟ್. ಹೆಸರಿನಲ್ಲಿ ಅಸಿಸ್ಟೆಂಟ್ ಇದ್ದರೂ ಚೀಟಿ ಹಿಡಿದು ಹಿಂದೆ ನಿಲ್ಲುವ ಕೆಲಸವಲ್ಲ ಅದು. ಹೆಸರು ತಮ್ಮನ್ನು ಕುಗ್ಗಿಸುತ್ತದೆ ಎಂದು ಅವರ ರಾಷ್ಟ್ರೀಯ ಸಂಘವೇ 2021ರಲ್ಲಿ ‘ಫಿಜಿಶಿಯನ್ ಅಸೋಸಿಯೇಟ್’ ಎಂಬ ಹೆಸರನ್ನು ಒಪ್ಪಿಕೊಂಡಿತು. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ), ಆರ್ಟೀರಿಯಲ್ ಲೈನ್ (ಅಪಧಮನಿಗೆ), ಎದೆಗೆ ಟ್ಯೂಬ್ ಹಾಕುವುದು, ವೆಂಟಿಲೇಟರನ್ನು ಹೊಂದಿಸುವುದು, ರಕ್ತದೊತ್ತಡದ ಔಷಧಿಯನ್ನು ಏರಿಸಿ ಇಳಿಸುವುದು, ಆ್ಯಂಟಿಬಯಾಟಿಕ್ ಬರೆಯುವುದು ಎಲ್ಲವೂ ಅವರ ಮತ್ತು ನನ್ನಂಥವರ ದಿನದ ಕೆಲಸ. ಆಸ್ಪತ್ರೆಯವರು ಒಬ್ಬೊಬ್ಬರಿಗೂ ಯಾವ ಯಾವ ಕೆಲಸಕ್ಕೆ ಅನುಮತಿ ಇದೆ ಎಂದು ಬರೆದುಕೊಟ್ಟಿರುತ್ತಾರೆ. ಇಂತಿಷ್ಟು ಲೈನ್‌ಗಳನ್ನು ಇನ್ನೊಬ್ಬರ ಕಣ್ಣೆದುರು ಹಾಕಿ ತೋರಿಸದೆ ಒಬ್ಬರೇ ಹಾಕುವಂತಿಲ್ಲ.

ದೊಡ್ಡ ಡಾಕ್ಟರು ಇದ್ದೇ ಇರುತ್ತಾರೆ. ಬೆಳಗಿನ ರೌಂಡ್ಸ್‌ನಲ್ಲಿ ಹಾಸಿಗೆಯ ಬಳಿ ನಿಂತಿರಿ, ಸಿಗುತ್ತಾರೆ. ಅವರೇ ರಾತ್ರಿಯೆಲ್ಲ ಹಾಸಿಗೆಯ ಬಳಿ ನಿಂತರೆ ಬೆಳಿಗ್ಗೆ ಆಪರೇಷನ್ ಮಾಡುವವರು ಯಾರು?

ಪ್ರಶ್ನೆ (ಶಿವಮೊಗ್ಗದ ಒಬ್ಬ ಓದುಗರು): ಮೇಡಂ, ನರ್ಸ್ ಪ್ರಾಕ್ಟೀಷನರ್ ಮತ್ತು ಪಿಎ ಇಬ್ಬರೂ ಒಂದೇ ಕೆಲಸ ಮಾಡುವುದಾದರೆ ಎರಡು ಹೆಸರು ಏಕೆ?

ಉತ್ತರ: ಬಂದ ದಾರಿ ಬೇರೆ. ಎರಡೂ 1965ರಲ್ಲೇ ಹುಟ್ಟಿದ್ದು ತಮಾಷೆ. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ನರ್ಸ್ ಪ್ರಾಕ್ಟೀಷನರ್ ತರಬೇತಿ ಆರಂಭಿಸಿದರು. ಅದೇ ವರ್ಷ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಸ್ಟೆಡ್ ಎಂಬ ವೈದ್ಯರು, ನೌಕಾಪಡೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡು ಅನುಭವವಿದ್ದ ನಾಲ್ವರನ್ನು ಆರಿಸಿ ಮೊದಲ ಪಿಎ ತರಗತಿ ಮಾಡಿದರು. ಅವರಲ್ಲಿ ಮೂವರು 1967ರಲ್ಲಿ ಪಾಸಾದರು.

ನಾವು ನರ್ಸಿಂಗ್ ಮೂಲಕವೇ ಬರಬೇಕು. ಅವರು ಪದವಿಯ ನಂತರ ಸುಮಾರು ಎರಡೂಕಾಲು ವರ್ಷ ವೈದ್ಯಕೀಯ ಕಾಲೇಜಿನ ಮಾದರಿಯ ಪಾಠ ಓದುತ್ತಾರೆ. ಹಾಗಾಗಿ ಪಿಎ ಆದವರು ಶಸ್ತ್ರಚಿಕಿತ್ಸೆ, ಪ್ರಸೂತಿ, ಮಕ್ಕಳ ವಿಭಾಗ ಎಲ್ಲವನ್ನೂ ಸುತ್ತಿ ಬಂದಿರುತ್ತಾರೆ. ಅನೇಕರು ಬೆಳಿಗ್ಗೆ ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ನರ ಎದುರು ನಿಂತು ಕೈಜೋಡಿಸುತ್ತಾರೆ. ನನ್ನಂಥವರಿಗೆ ಆ ಸುತ್ತಾಟವಿಲ್ಲ, ಆದರೆ ವರ್ಷಗಟ್ಟಲೆ ಹಾಸಿಗೆಯ ಪಕ್ಕ ನಿಂತ ಕಣ್ಣಿದೆ. ಕಾನೂನಿನ ವಿಷಯ: ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರ್ ಸ್ವತಂತ್ರವಾಗಿ ಕೆಲಸ ಮಾಡಬಹುದು, ನಮ್ಮ ಒಹಾಯೊದಲ್ಲಿ ವೈದ್ಯರೊಡನೆ ಲಿಖಿತ ಒಪ್ಪಂದ ಬೇಕು. ಸರ್ಜಿಕಲ್ ಐಸಿಯುನಲ್ಲಿ ಇದರಿಂದ ಏನೂ ವ್ಯತ್ಯಾಸವಿಲ್ಲ. ಅಲ್ಲಿ ಒಂಟಿಯಾಗಿ ಕೆಲಸ ಮಾಡುತ್ತೇನೆ ಎನ್ನುವವರು ಯಾವ ಪದವಿಯವರಾದರೂ ನನಗೆ ಭಯ.

ಪ್ರಶ್ನೆ (ಹುಬ್ಬಳ್ಳಿಯ ಒಬ್ಬ ಸರ್ಜನ್): ಬೇಸರ ಮಾಡಿಕೊಳ್ಳಬೇಡಿ. ನಾವು ಐದೂವರೆ ವರ್ಷ ಎಂಬಿಬಿಎಸ್, ಮೂರು ವರ್ಷ ಎಂ.ಎಸ್. ಮಾಡಿಯೂ ಐಸಿಯು ರೋಗಿಯ ಮುಂದೆ ಬೆವರುತ್ತೇವೆ. ಎರಡು ವರ್ಷದ ಕೋರ್ಸ್ ಮಾಡಿದವರ ಕೈಗೆ ಇದನ್ನು ಕೊಡುವುದು ಆಸ್ಪತ್ರೆಗೆ ಅಗ್ಗದ ದಾರಿಯಷ್ಟೇ ಅಲ್ಲವೇ?

ಉತ್ತರ: ಬೇಸರವಿಲ್ಲ ಸರ್, ಇದನ್ನು ಯಾರಾದರೂ ಕೇಳಲೇಬೇಕಿತ್ತು. ಹಣದ ಲೆಕ್ಕ ಖಂಡಿತ ಇದೆ. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್, ವೈದ್ಯರಿಗೆ ಕೊಡುವುದರಲ್ಲಿ ಶೇ. 85ರಷ್ಟನ್ನು ನಮ್ಮ ಕೆಲಸಕ್ಕೆ ಕೊಡುತ್ತದೆ. ಆದರೆ ನಮ್ಮನ್ನು ಐಸಿಯುಗೆ ತಂದಿದ್ದರಲ್ಲಿ ಗಡಿಯಾರದ ಪಾಲೂ ದೊಡ್ಡದು. 2003ರ ಜುಲೈಯಿಂದ ಇಲ್ಲಿ ರೆಸಿಡೆಂಟ್ (ತರಬೇತಿಯಲ್ಲಿರುವ) ವೈದ್ಯರನ್ನು ವಾರಕ್ಕೆ 80 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ ಎಂಬ ನಿಯಮ ಬಂತು. ರಾತ್ರಿಗಳು ಖಾಲಿಯಾದವು, ರೋಗಿಗಳು ಕಡಿಮೆಯಾಗಲಿಲ್ಲ.

ನಮ್ಮಿಂದ ಆಗುವ ಉಪಯೋಗ ಏನೆಂದು ಒಂದು ರಾತ್ರಿಯ ಕಥೆಯಿಂದ ಹೇಳುತ್ತೇನೆ. ಮೇದೋಜೀರಕ ಗ್ರಂಥಿಯ ಗಡ್ಡೆಗೆ ವಿಪಲ್ ಎಂಬ ದೊಡ್ಡ ಶಸ್ತ್ರಚಿಕಿತ್ಸೆ ಆದ ರೋಗಿ. ಒಂಬತ್ತನೆಯ ದಿನ, ಮರುದಿನ ವಾರ್ಡಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಎರಡೂವರೆಗೆ ನರ್ಸ್ ಕರೆದರು. ಹೊಟ್ಟೆಯಿಂದ ಬರುವ ಡ್ರೇನಿನ ರಬ್ಬರ್ ಉಂಡೆಯಲ್ಲಿ ಅಲ್ಲಿಯವರೆಗೆ ಮಸುಕು ಚಹಾದ ಬಣ್ಣವಿತ್ತು. ಈಗ ಎರಡು ಚಮಚದಷ್ಟು ತಾಜಾ ರಕ್ತ. ನಾವು ನೋಡುತ್ತಿದ್ದಂತೆ ನಿಂತೂ ಹೋಯಿತು. ನಾಡಿ 88, ರಕ್ತದೊತ್ತಡ ಸರಿ, ರೋಗಿ ನಿದ್ದೆಯಲ್ಲಿ. ಐಸಿಯುಗೆ ಬಂದು ಮೂರು ದಿನವಾಗಿದ್ದ ರೆಸಿಡೆಂಟ್, “ನಿಂತಿದೆಯಲ್ಲ, ಬೆಳಿಗ್ಗೆವರೆಗೆ ನೋಡೋಣ” ಎಂದರು. ಪುಸ್ತಕ ಓದಿದ ಬುದ್ಧಿವಂತ ಹುಡುಗ, ತಪ್ಪು ಹೇಳಲಾರೆ. ಆದರೆ ಹೀಗೆ ಸ್ವಲ್ಪ ಬಂದು ನಿಂತ ರಕ್ತದ ಬೆನ್ನಿಗೇ ದೊಡ್ಡ ರಕ್ತಸ್ರಾವ ಬಂದದ್ದನ್ನು ನಾನು ಅದೇ ಕೋಣೆಯ ಪಕ್ಕದಲ್ಲಿ ಹಿಂದೊಮ್ಮೆ ನೋಡಿದ್ದೆ. ಸರ್ಜನ್ನರನ್ನು ಎಬ್ಬಿಸಿದೆವು. ರಕ್ತನಾಳದ ಸಿಟಿ ಮಾಡಿದಾಗ, ಕತ್ತರಿಸಿ ಕಟ್ಟಿದ್ದ ಅಪಧಮನಿಯ ತುದಿ ಗುಳ್ಳೆಯಂತೆ ಉಬ್ಬಿತ್ತು. ಬೆಳಕು ಹರಿಯುವ ಮೊದಲೇ ರೇಡಿಯಾಲಜಿಯವರು ತೊಡೆಯಿಂದ ತಂತಿ ತೂರಿಸಿ ಅದನ್ನು ಮುಚ್ಚಿದರು.

ಅದನ್ನು ಮುಚ್ಚುವುದು ನನಗೆ ಗೊತ್ತಿಲ್ಲ. ಎಬ್ಬಿಸುವುದು ಗೊತ್ತಿತ್ತು. ರೆಸಿಡೆಂಟ್‌ಗಳು ತಿಂಗಳಿಗೊಮ್ಮೆ ಬದಲಾಗುತ್ತಾರೆ, ನಾವು ಅಲ್ಲೇ ಇರುತ್ತೇವೆ. ಯಾವ ಸರ್ಜನ್ನರಿಗೆ ಸಲೈನ್ ಹೆಚ್ಚಾದರೆ ಕೋಪ, ಯಾರು ಮೊದಲ ಸಲ ಕರೆದಾಗಲೇ ಬರುತ್ತಾರೆ, ಯಾರನ್ನು ಎರಡು ಸಲ ಕರೆಯಬೇಕು, ಇದೆಲ್ಲ ಗೋಡೆಗೆ ಗೊತ್ತಿರುವಂತೆ ನಮಗೂ ಗೊತ್ತು.

ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಮೊದಲ ವರ್ಷ, ಬೇರೆ ಒಂದು ಆಸ್ಪತ್ರೆಯಲ್ಲಿ, ಗಂಟೆಗೆ 15 ಮಿಲಿಗೆ ಇಳಿದ ಮೂತ್ರವನ್ನು ನಾನೇ ಸರಿಪಡಿಸುತ್ತೇನೆಂದು ಎರಡು ಗಂಟೆ ಸಲೈನ್ ಕೊಡುತ್ತ ಕುಳಿತೆ. ಒಳಗೆ ರಕ್ತ ಸೋರುತ್ತಿತ್ತು. ರೋಗಿ ಉಳಿದರು, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಹೊಸಬರನ್ನು ಪದವಿ ಮುಗಿದ ಕೂಡಲೇ ರಾತ್ರಿ ಡ್ಯೂಟಿಗೆ ಒಂಟಿಯಾಗಿ ಹಾಕುವ ಆಸ್ಪತ್ರೆಗಳಿವೆ. ಅಂಥ ಕಡೆ ನಿಮ್ಮ ಸಂಶಯ ಪೂರ್ತಿ ಸರಿ ಸರ್.

ಪ್ರಶ್ನೆ (ಬೆಂಗಳೂರಿನ ಐಸಿಯು ನರ್ಸ್): ಅಕ್ಕಾ, ಬಿ.ಎಸ್ಸಿ. ನರ್ಸಿಂಗ್ ಆಗಿ ಮೂರು ವರ್ಷವಾಯಿತು. ನಾನೂ ನಿಮ್ಮ ಹಾಗೆ ಆಗಬೇಕೆಂದಿದ್ದೇನೆ. ಅಮೆರಿಕಕ್ಕೇ ಬರಬೇಕೇ?

ಉತ್ತರ: ಬರಲೇಬೇಕೆಂದಿಲ್ಲ ತಂಗಿ. ಭಾರತೀಯ ನರ್ಸಿಂಗ್ ಪರಿಷತ್ತಿನ ‘ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್’ ಎಂಬ ಎರಡು ವರ್ಷದ ಎಂ.ಎಸ್ಸಿ. ಇದೆ. ಹೆಚ್ಚಿನ ಪಾಲು ಐಸಿಯುನಲ್ಲೇ ಕಲಿಯುವ ಕೋರ್ಸ್ ಅದು. ನಿಮ್ಮ ಅನುಭವ ಅದಕ್ಕೆ ಸಾಕು. ಆದರೆ ಸೇರುವ ಮೊದಲು ಕಾಲೇಜಿನವರನ್ನು ಒಂದೇ ಮಾತು ಕೇಳಿ: ಮುಗಿಸಿದವರು ಈಗ ಎಲ್ಲಿ, ಯಾವ ಹುದ್ದೆಯಲ್ಲಿದ್ದಾರೆ? ಅದೇ ಸ್ಟಾಫ್ ನರ್ಸ್ ಹುದ್ದೆಗೆ ಮರಳಿದ್ದರೆ ಯೋಚಿಸಿ.

ಇಲ್ಲಿಗೆ ಬರುವುದಾದರೆ ಮೊದಲು ಎನ್‌ಕ್ಲೆಕ್ಸ್ ಎಂಬ ನರ್ಸ್ ಪರವಾನಗಿ ಪರೀಕ್ಷೆ, ಅದನ್ನು ಬೆಂಗಳೂರಿನಲ್ಲೇ ಬರೆಯಬಹುದು. ಗ್ರೀನ್ ಕಾರ್ಡಿನ ಸರದಿ ಭಾರತದಲ್ಲಿ ಹುಟ್ಟಿದವರಿಗೆ ಹತ್ತು ವರ್ಷ ದಾಟಿದೆ, ಏಜೆಂಟರು ಇದನ್ನು ಕೊನೆಯಲ್ಲಿ ಹೇಳುತ್ತಾರೆ. ಬಂದ ಮೇಲೆ ಓದುವಾಗ ‘ಅಕ್ಯೂಟ್ ಕೇರ್’ ವಿಭಾಗವನ್ನೇ ಆರಿಸಿ. ‘ಫ್ಯಾಮಿಲಿ’ ವಿಭಾಗ ಸುಲಭವಾಗಿ ಸಿಗುತ್ತದೆಂದು ನನ್ನ ಇಬ್ಬರು ಗೆಳತಿಯರು ಅದನ್ನು ಓದಿದರು. ಅದು ಕ್ಲಿನಿಕ್ಕಿನ ಕೆಲಸಕ್ಕೆ. ಐಸಿಯುಗಾಗಿ ಮತ್ತೆ ಓದಬೇಕಾಯಿತು, ಮತ್ತೆ ಫೀಸು.

ಪ್ರಶ್ನೆ (ನ್ಯೂಜೆರ್ಸಿಯವರು, ಎರಡು ದಿನದ ನಂತರ): ಅಕ್ಕಾ, ಇವತ್ತು ಬೆಳಿಗ್ಗೆ ಅಪ್ಪನ ವೆಂಟಿಲೇಟರ್ ತೆಗೆದರು! ಅದೇ ಪಿಎ ಪಕ್ಕದಲ್ಲಿ ನಿಂತಿದ್ದರು. ಅಪ್ಪನ ಧ್ವನಿ ಗೊಗ್ಗರು, ಆದರೂ ಮೊದಲು ಕೇಳಿದ್ದು ಮೊಸರನ್ನ. ಅಮ್ಮ ಮನೆಯಿಂದ ಡಬ್ಬಿ ತಂದೇ ಬಿಟ್ಟಿದ್ದಾರೆ. ಕೊಡಬಹುದೇ?

ಉತ್ತರ: ಬಹಳ ಸಂತೋಷ! ಡಬ್ಬಿ ಮಾತ್ರ ಇವತ್ತು ಬೇಡ. ಇಷ್ಟು ದಿನ ಗಂಟಲಿನಲ್ಲಿ ಟ್ಯೂಬ್ ಇದ್ದವರಿಗೆ ನುಂಗುವ ಶಕ್ತಿ ಕುಂದಿರುತ್ತದೆ, ಅನ್ನ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ನುಂಗುವ ಪರೀಕ್ಷೆ ಯಾವಾಗ ಎಂದು ಆ ಪಿಎಯನ್ನೇ ಕೇಳಿ. ಕರುಳಿನ ಹೊಲಿಗೆ ನೋಡಿಕೊಂಡು ಸರ್ಜನ್ನರೂ ಹೂಂ ಎನ್ನಬೇಕು. ಅಲ್ಲಿಯವರೆಗೆ ಅವರು ಒಪ್ಪಿದರೆ ಒದ್ದೆ ಸ್ಪಂಜಿನಿಂದ ಅಪ್ಪನ ತುಟಿ ಒರೆಸುವ ಕೆಲಸವನ್ನು ಅಮ್ಮನಿಗೆ ಕೊಡಿ. ಡಬ್ಬಿಯನ್ನು ನೀವು ಖಾಲಿ ಮಾಡಿ, ಎಷ್ಟು ದಿನವಾಯಿತೋ ನೀವು ಊಟ ಮಾಡಿ.