ಕಯೆನ್, ಕಯೆನ್ ಕೂಪೆ, ಜಿಟಿಎಸ್: ನಮ್ಮ ಮೈಸೂರು–ಮಂಡ್ಯದ ರಸ್ತೆಗಳಿಗೆ ಯಾವುದು? ಟೆಸ್ಟ್ ಡ್ರೈವ್‌ನಲ್ಲಿ ಏನನ್ನು ನೋಡಬೇಕು?

ಪ್ರಶ್ನೆ: ತೋಟದಹಾದಿ (ವಿಜಯನಗರ, ಮೈಸೂರು)

ಎಲ್ಲರಿಗೂ ನಮಸ್ಕಾರ.

ಮನೆಯ ಡೀಸೆಲ್ ಎಸ್‌ಯುವಿಗೆ ವಯಸ್ಸಾಗಿದ್ದು, ಅದರ ಬದಲಿಗೆ ಪೋರ್ಶೆ ಕಯೆನ್ ಕೊಳ್ಳುವುದೆಂದು ಮನೆಮಂದಿಯೆಲ್ಲ ಸೇರಿ ತೀರ್ಮಾನಿಸಿದ್ದೇವೆ. ಬೇರೆ ಕಂಪನಿಗಳ ಕಾರುಗಳನ್ನು ನೋಡಿ ಮುಗಿದಿರುವುದರಿಂದ ಆ ಹೋಲಿಕೆಯನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಕಯೆನ್‌ನಲ್ಲೇ ಯಾವ ಮಾದರಿ ಎಂಬುದು ಮಾತ್ರ ಬಗೆಹರಿದಿಲ್ಲ.

ಮೊದಲನೆಯದು ಸಾಮಾನ್ಯ ಕಯೆನ್: ಮೂರು ಲೀಟರಿನ ವಿ6 (ಆರು ಸಿಲಿಂಡರಿನ) ಟರ್ಬೊ ಪೆಟ್ರೋಲ್ ಎಂಜಿನ್, 353 ಪಿಎಸ್ (ಅಶ್ವಶಕ್ತಿ), 500 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಎರಡನೆಯದು ಅದೇ ಎಂಜಿನ್ನಿನ, ಹಿಂಬದಿಗೆ ಚಾವಣಿ ಇಳಿಜಾರಾದ ಕೂಪೆ. ಮೂರನೆಯದು ಜಿಟಿಎಸ್: ನಾಲ್ಕು ಲೀಟರಿನ ವಿ8, ಎರಡು ಟರ್ಬೊ, 500 ಪಿಎಸ್, 660 ನ್ಯೂಟನ್ ಮೀಟರ್. ನಿಂತಲ್ಲಿಂದ ಗಂಟೆಗೆ ನೂರು ಕಿ.ಮೀ. ವೇಗ ಮುಟ್ಟಲು ಸಾಮಾನ್ಯ ಕಯೆನ್‌ಗೆ 6 ಸೆಕೆಂಡು, ಜಿಟಿಎಸ್‌ಗೆ 4.4 ಸೆಕೆಂಡು ಎಂದು ಕಂಪನಿ ಹೇಳುತ್ತದೆ. ಇವೆರಡರ ಬೆಲೆಯ ನಡುವೆ ಸುಮಾರು ಅರ್ಧ ಕೋಟಿಯ ಅಂತರವಿದೆ.

ನನ್ನ ಓಡಾಟ ಹೀಗಿದೆ. ವಾರದಲ್ಲಿ ಹಲವು ಸಲ ಪಾಂಡವಪುರದ ಬಳಿಯ ತೋಟಕ್ಕೆ ಹೋಗಬೇಕು. ಆ ದಾರಿಯ ಕೊನೆಯ ಭಾಗ ನಾಲೆ ಏರಿಯ ಮೇಲಿದ್ದು, ಕಬ್ಬು ಕಡಿಯುವ ಕಾಲದಲ್ಲಿ ಎದುರಿನಿಂದ ತುಂಬಿದ ಟ್ರ್ಯಾಕ್ಟರುಗಳು ಬರುತ್ತಿರುತ್ತವೆ. ಆಗಾಗ ಬೆಂಗಳೂರು, ರಜೆ ಸಿಕ್ಕಾಗ ಕೊಡಗು ಅಥವಾ ಗುಂಡ್ಲುಪೇಟೆಯ ಮೇಲೆ ಊಟಿ. ತಂದೆಯವರಿಗೆ ಮೊಣಕಾಲು ನೋವಿದೆ, ಅವರು ಯಾವಾಗಲೂ ಹಿಂದಿನ ಸೀಟಿನ ಎಡಬದಿಯಲ್ಲಿ ಕೂರುತ್ತಾರೆ.

ಬೆಂಗಳೂರಿನ ಶೋರೂಮಿನಲ್ಲಿ ಸಾಮಾನ್ಯ ಕಯೆನ್ ಮತ್ತು ಜಿಟಿಎಸ್ ಎರಡನ್ನೂ ಓಡಿಸಿದೆ. ನಗರದ ವಾಹನ ದಟ್ಟಣೆಯಲ್ಲಿ ಜಿಟಿಎಸ್‌ನ ಎಂಜಿನ್ ಸದ್ದು ಮನಸ್ಸಿಗೆ ಹಿಡಿಸಿತೇ ಹೊರತು, ಆ ಕಾರು ನನ್ನ ದಾರಿಗಳಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಕಲ್ಪನೆ ಬರಲಿಲ್ಲ. ನಾನು ಕೇಳಿದ ಮೇಲೆ ಎರಡೂ ಕಾರುಗಳನ್ನು ಒಂದು ದಿನದ ಮಟ್ಟಿಗೆ ಮೈಸೂರಿಗೆ ಕಳುಹಿಸಲು ಅವರು ಒಪ್ಪಿದ್ದಾರೆ. ಆ ದಿನವನ್ನು ಹೇಗೆ ಬಳಸಿಕೊಳ್ಳಬೇಕು, ಯಾವ ರಸ್ತೆಯಲ್ಲಿ ಏನನ್ನು ಗಮನಿಸಬೇಕು, ಏರ್ ಸಸ್ಪೆನ್ಷನ್‌ಗೆ (ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಸ್ಪ್ರಿಂಗ್) ಹೆಚ್ಚಿನ ಹಣ ಕೊಡುವುದು ಸರಿಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಮದ್ದೂರುಸೀಮೆ (ಮಂಡ್ಯ)

ನಮಸ್ಕಾರ ಸರ್. ನಮ್ಮ ಮನೆಯಲ್ಲಿ ಏರ್ ಸಸ್ಪೆನ್ಷನ್ ಇರುವ ಸಾಮಾನ್ಯ ಕಯೆನ್ ಇದೆ, ನನ್ನ ಭಾವನವರ ಬಳಿ ಜಿಟಿಎಸ್ ಇದೆ, ಎರಡನ್ನೂ ಇದೇ ರಸ್ತೆಗಳಲ್ಲಿ ಓಡಿಸುತ್ತೇನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕಾರುಗಳು ಮೈಸೂರಿಗೆ ಹೊರಡುವ ಮೊದಲೇ ಅವುಗಳಲ್ಲಿ ಅಳವಡಿಸಿರುವ ಆಯ್ಕೆಗಳ ಪೂರ್ತಿ ಪಟ್ಟಿಯನ್ನು ಶೋರೂಮಿನಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಟೆಸ್ಟ್ ಡ್ರೈವ್‌ಗೆ ಇಟ್ಟಿರುವ ಕಾರಿನಲ್ಲಿ ಏರ್ ಸಸ್ಪೆನ್ಷನ್, ಹಿಂದಿನ ಚಕ್ರಗಳೂ ತಿರುಗುವ ಸ್ಟಿಯರಿಂಗ್ ವ್ಯವಸ್ಥೆ, ದೊಡ್ಡ ಚಕ್ರಗಳು, ಉತ್ತಮ ದರ್ಜೆಯ ಸೀಟುಗಳು ಸಾಮಾನ್ಯವಾಗಿ ಇರುತ್ತವೆ. ಸಾಮಾನ್ಯ ಕಯೆನ್‌ಗೆ ಇವುಗಳಲ್ಲಿ ಬಹುಪಾಲು ಬೇರೆ ಹಣ ಕೊಟ್ಟು ಸೇರಿಸಿಕೊಳ್ಳಬೇಕಾದವು. ಪಟ್ಟಿ ಕೈಯಲ್ಲಿಲ್ಲದೆ ಓಡಿಸಿದರೆ, ನಿಮಗೆ ಇಷ್ಟವಾದದ್ದು ಕಾರೋ ಅದರ ಮೇಲಿನ ಆಯ್ಕೆಗಳೋ ಎಂಬುದು ತಿಳಿಯುವುದೇ ಇಲ್ಲ. ನನ್ನ ದೃಷ್ಟಿಯಲ್ಲಿ ಇಡೀ ದಿನದ ಅತಿ ಮುಖ್ಯ ಕೆಲಸ ಇದು.

ಓಡಿಸುವಾಗ ಸಾಮಾನ್ಯ ಕಯೆನ್‌ನಿಂದ ಆರಂಭಿಸಿ, ಆಮೇಲೆ ಜಿಟಿಎಸ್ ಓಡಿಸಿ, ಕೊನೆಗೆ ಮತ್ತೆ ಸಾಮಾನ್ಯ ಕಯೆನ್‌ನಲ್ಲಿ ಅದೇ ದಾರಿಯನ್ನು ಇನ್ನೊಮ್ಮೆ ಹೋಗಿ. ವಿ8 ಎಂಜಿನ್ನಿನಿಂದ ಇಳಿದು ವಿ6ಗೆ ಮರಳಿದಾಗ ಏನು ಕಡಿಮೆಯಾಯಿತೆಂದು ಅನಿಸುತ್ತದೆಯೋ, ಅರ್ಧ ಕೋಟಿ ಕೊಟ್ಟು ನೀವು ಪಡೆಯುವುದು ಅಷ್ಟನ್ನೇ.

ದಾರಿಯ ವಿಷಯಕ್ಕೆ ಬಂದರೆ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಆ ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ 100 ಕಿ.ಮೀ., ಕ್ಯಾಮೆರಾಗಳೂ ಇವೆ. ಆ ವೇಗದಲ್ಲಿ ಎಂಟನೆಯ ಗೇರಿನಲ್ಲಿ ಎರಡು ಎಂಜಿನ್‌ಗಳೂ ಆಯಾಸವಿಲ್ಲದೆ ಸಾಗುವುದರಿಂದ ಅವುಗಳ ನಡುವಿನ ವ್ಯತ್ಯಾಸ ಅಲ್ಲಿ ಹೊರಗೆ ಬರುವುದಿಲ್ಲ. ಗಾಳಿಯ ಸದ್ದು, ಟಯರ್ ಸದ್ದು, ಸೇತುವೆಯ ಜೋಡಣೆಗಳ ಮೇಲೆ ಹಾಯುವಾಗಿನ ಕುಲುಕಾಟ ಇಷ್ಟನ್ನು ನೋಡಿಕೊಂಡು ಮೊದಲ ನಿರ್ಗಮನದಲ್ಲೇ ಇಳಿದುಬಿಡಿ. ಎಂಜಿನ್ನಿನ ಪರೀಕ್ಷೆಗೆ ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆಗೆ ಹೋಗುವ ರಸ್ತೆಯೇ ಸರಿ. ಎದುರಿನಿಂದ ಬರುವ ವಾಹನವನ್ನು ಲೆಕ್ಕ ಹಾಕಿ ಮುಂದಿನ ಲಾರಿಯನ್ನು ಹಿಂದಿಕ್ಕುವಾಗ, ಅರವತ್ತರಿಂದ ತೊಂಬತ್ತಕ್ಕೆ ಏರಲು ಕಾರು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಗೇರು ತಾನಾಗಿ ಇಳಿಯುವ ಮೊದಲು ಎಷ್ಟು ತಡೆಯುತ್ತದೆ ಎಂಬುದನ್ನು ಎರಡೂ ಕಾರುಗಳಲ್ಲಿ ಗಮನಿಸಿ. ಜಿಟಿಎಸ್ ಇಲ್ಲಿ ನಿಜವಾಗಿಯೂ ಮೇಲುಗೈ ಪಡೆಯುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ವಿ6 ಕೂಡ 500 ನ್ಯೂಟನ್ ಮೀಟರನ್ನು ಬಹಳ ಕೆಳಗಿನ ಆರ್‌ಪಿಎಂನಲ್ಲೇ ಕೊಡುವುದರಿಂದ, ಹಿಂದಿಕ್ಕುವ ಕೆಲಸಕ್ಕೆ ಅದು ಸಾಲದು ಎಂದು ನನಗೆ ಅನಿಸಿದ್ದಿಲ್ಲ.

ನಿಮ್ಮ ಓಡಾಟಕ್ಕೆ ಇದಕ್ಕಿಂತ ಮುಖ್ಯವಾದದ್ದು ನಾಲೆ ಏರಿ. ಕಯೆನ್‌ನ ಅಗಲ ಕನ್ನಡಿಗಳನ್ನು ಬಿಟ್ಟು 1,983 ಮಿ.ಮೀ., ಕನ್ನಡಿಗಳನ್ನು ಸೇರಿಸಿದರೆ ಸುಮಾರು 2.2 ಮೀಟರ್, ಉದ್ದ 4,930 ಮಿ.ಮೀ. ಮೂರು ಮಾದರಿಗೂ ಈ ಅಳತೆಗಳಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ತಡೆಗೋಡೆಯಿಲ್ಲದ ಏರಿಯ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರಿಗೆ ದಾರಿ ಬಿಡುವಾಗ ಎಡ ಚಕ್ರ ಎಲ್ಲಿದೆ ಎಂಬುದು ಚಾಲಕನಿಗೆ ಖಚಿತವಾಗಿ ಗೊತ್ತಿರಬೇಕು. ಹಾಗಾಗಿ ಹಗಲು ಹೊತ್ತಿನಲ್ಲಿ, ಶೋರೂಮಿನವರಿಗೆ ಮೊದಲೇ ತಿಳಿಸಿ ಅವರ ಒಪ್ಪಿಗೆ ಪಡೆದು, ಆ ದಾರಿಯಲ್ಲಿ ನಿಧಾನವಾಗಿ ಹೋಗಿಬನ್ನಿ. ಸುತ್ತಲೂ ತೋರಿಸುವ ಕ್ಯಾಮೆರಾ ಅಲ್ಲಿ ಎಷ್ಟು ನೆರವಾಗುತ್ತದೆ ಎಂದು ನೋಡಿ. ಹಿಂದಿನ ಚಕ್ರಗಳೂ ತಿರುಗುವ ವ್ಯವಸ್ಥೆ ಇರುವ ಕಾರಿನಲ್ಲಿ ತಿರುವಿನ ವ್ಯಾಸ ಅರ್ಧ ಮೀಟರಿನಷ್ಟು ಕಡಿಮೆಯಾಗುತ್ತದೆ. ತೋಟದ ಗೇಟಿನೊಳಗೆ ಒಂದೇ ಸಲಕ್ಕೆ ತಿರುಗುತ್ತದೆಯೋ, ರಿವರ್ಸ್ ತೆಗೆದುಕೊಳ್ಳಬೇಕೋ ಎಂಬುದರಿಂದಲೇ ಆ ಆಯ್ಕೆ ನಿಮಗೆ ಬೇಕೋ ಬೇಡವೋ ಎಂಬುದು ತೀರ್ಮಾನವಾಗುತ್ತದೆ.

ಚಾಮುಂಡಿ ಬೆಟ್ಟಕ್ಕೂ ಹೋಗಬಹುದು, ಆದರೆ ಶುಕ್ರವಾರ ಮತ್ತು ರಜೆಯ ದಿನಗಳನ್ನು ಬಿಟ್ಟು ಬೆಳಿಗ್ಗೆಯೇ ಹೋಗಿ. ಭಕ್ತರು ನಡೆದು ಹೋಗುವ ರಸ್ತೆಯಲ್ಲಿ ವೇಗದ ಪರೀಕ್ಷೆ ಸಲ್ಲದು. ತಿರುವುಗಳಲ್ಲಿ ಸ್ಟಿಯರಿಂಗ್ ಕೈಗೆ ಏನು ತಿಳಿಸುತ್ತದೆ, ಇಳಿಯುವಾಗ ಬ್ರೇಕಿನ ಮೇಲೆ ಕಾಲಿಡದೆ ಗೇರಿನ ಹಿಡಿತದಲ್ಲೇ ಕಾರು ಎಷ್ಟು ನಿಲ್ಲುತ್ತದೆ ಎಂಬುದು ನಿಧಾನವಾಗಿ ಹೋದರೂ ತಿಳಿಯುತ್ತದೆ.

ಉತ್ತರ 2: ಕಬ್ಬಿಣಕೆಲಸ (ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು)

ಮದ್ದೂರಿನ ಸ್ನೇಹಿತರು ಹೇಳಿದ್ದಕ್ಕೆ ನನ್ನ ಸಹಮತವಿದೆ. ವಾಹನದ ಬಿಡಿಭಾಗಗಳ ತಯಾರಿಕೆಯಲ್ಲಿ ಕೆಲಸ ಮಾಡುವವನಾಗಿ ಸಸ್ಪೆನ್ಷನ್ ಮತ್ತು ಟಯರ್ ಬಗ್ಗೆ ಕೆಲವು ಮಾತು ಸೇರಿಸುತ್ತೇನೆ, ಏಕೆಂದರೆ ಈ ಮಾದರಿಗಳ ನಡುವಿನ ನಿಜವಾದ ಭೇದ ಎಂಜಿನ್ನಿಗಿಂತ ಹೆಚ್ಚಾಗಿ ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ.

2023ರ ಪರಿಷ್ಕರಣೆಯ ನಂತರ ಸಾಮಾನ್ಯ ಕಯೆನ್‌ನ ಉಕ್ಕಿನ ಸ್ಪ್ರಿಂಗ್ ವ್ಯವಸ್ಥೆಯಲ್ಲೂ ಎರಡು ಕವಾಟಗಳ ಡ್ಯಾಂಪರ್‌ಗಳಿವೆ (ಕುಲುಕಾಟ ತಡೆಯುವ ಭಾಗಗಳು). ಚಕ್ರ ಗುಂಡಿಯ ಅಂಚಿಗೆ ಹೊಡೆದು ಮೇಲಕ್ಕೆ ಒತ್ತುವಾಗ ಒಂದು ಕವಾಟ, ಅದು ಮತ್ತೆ ಕೆಳಕ್ಕೆ ಇಳಿಯುವಾಗ ಇನ್ನೊಂದು ಕೆಲಸ ಮಾಡುವುದರಿಂದ ಎರಡನ್ನೂ ಪ್ರತ್ಯೇಕವಾಗಿ ಹದಗೊಳಿಸಲು ಸಾಧ್ಯವಾಗುತ್ತದೆ. ಹಾಗಾಗಿ ಉಕ್ಕಿನ ಸ್ಪ್ರಿಂಗ್ ಎಂದೊಡನೆ ಒರಟು ಎಂದು ತಿಳಿಯಬೇಡಿ. ಏರ್ ಸಸ್ಪೆನ್ಷನ್‌ನ ಹೆಚ್ಚುಗಾರಿಕೆ ಇರುವುದು ಎತ್ತರವನ್ನು ಬದಲಾಯಿಸುವುದರಲ್ಲಿ. ಹಳ್ಳಿಗಳಲ್ಲಿ ಅಳತೆಯಿಲ್ಲದೆ ಹಾಕಿರುವ ಹಂಪ್‌ಗಳನ್ನು ದಾಟುವಾಗ ಅದು ದೊಡ್ಡ ಅನುಕೂಲ. ಜಿಟಿಎಸ್‌ಗೆ ಏರ್ ಸಸ್ಪೆನ್ಷನ್ ಕಾರ್ಖಾನೆಯಿಂದಲೇ ಬರುತ್ತದೆ, ಆದರೆ ಅದರ ಸಹಜ ಎತ್ತರವನ್ನೇ 10 ಮಿ.ಮೀ. ತಗ್ಗಿಸಿದ್ದಾರೆ. ವಾರಂಟಿ ಮುಗಿದ ಮೇಲೆ ಗಾಳಿ ಸ್ಪ್ರಿಂಗ್ ಮತ್ತು ಕಂಪ್ರೆಸರ್ ಬದಲಿಸುವ ಖರ್ಚು ಉಕ್ಕಿನ ಸ್ಪ್ರಿಂಗಿನ ಖರ್ಚಿಗಿಂತ ಬಹಳ ಹೆಚ್ಚು. ಹತ್ತು ವರ್ಷ ಇಟ್ಟುಕೊಳ್ಳುವವರು ವಿಸ್ತರಿಸಿದ ವಾರಂಟಿಯ ದರವನ್ನು ಈಗಲೇ ಕೇಳಿಟ್ಟುಕೊಳ್ಳಬೇಕು.

ಇನ್ನು ಟಯರ್. 20 ಇಂಚಿನ ಚಕ್ರಕ್ಕಿಂತ 21 ಇಂಚಿನ ಚಕ್ರದಲ್ಲಿ ಟಯರಿನ ಪಕ್ಕದ ಗೋಡೆಯ ಎತ್ತರ ಕಡಿಮೆ. ಜಿಟಿಎಸ್ 21 ಇಂಚಿನಲ್ಲೇ ಬರುತ್ತದೆ. ಹೀಗೆ ರಬ್ಬರು ಕಡಿಮೆಯಾದರೆ ತಿರುವಿನಲ್ಲಿ ಸ್ಟಿಯರಿಂಗ್ ಚುರುಕಾಗುತ್ತದೆ, ಮಳೆಗಾಲದ ಗುಂಡಿಯಲ್ಲಿ ರಿಮ್ಮಿಗೆ ಪೆಟ್ಟು ಬೀಳುವ ಸಂಭವವೂ ಹೆಚ್ಚುತ್ತದೆ. ಪಾಂಡವಪುರದ ದಾರಿಗೆ ನಾನಾದರೆ 20 ಇಂಚನ್ನೇ ಆರಿಸುತ್ತೇನೆ, ಅಂಗಡಿಯಲ್ಲಿ ದೊಡ್ಡ ಚಕ್ರ ಎಷ್ಟೇ ಚೆಂದ ಕಂಡರೂ. ಮುಂದಿನ ಮತ್ತು ಹಿಂದಿನ ಟಯರುಗಳ ಅಳತೆ ಬೇರೆಯಾದ್ದರಿಂದ ಅವುಗಳನ್ನು ಹಿಂದು ಮುಂದು ಬದಲಿಸಲು ಆಗುವುದಿಲ್ಲ. ಸ್ಟೆಪ್ನಿ ಏನು ಕೊಡುತ್ತಾರೆ ಎಂಬುದನ್ನು ಡಿಕ್ಕಿ ತೆರೆಸಿ ಕಣ್ಣಾರೆ ನೋಡಿ.

ಉತ್ತರ 3: ಮೂಳೆವೈದ್ಯೆ (ಕುವೆಂಪುನಗರ, ಮೈಸೂರು)

ಸರ್, ಇಷ್ಟೆಲ್ಲ ಚರ್ಚೆಯಲ್ಲಿ ನಿಮ್ಮ ತಂದೆಯವರ ಸೀಟಿನ ಬಗ್ಗೆ ಯಾರೂ ಹೇಳದಿರುವುದರಿಂದ ಬರೆಯುತ್ತಿದ್ದೇನೆ. ಕೂಪೆಯಲ್ಲಿ ಚಾವಣಿ ಇಳಿಜಾರಾಗಿರುವುದನ್ನು ಸರಿದೂಗಿಸಲು ಹಿಂದಿನ ಸೀಟನ್ನು ಸಾಮಾನ್ಯ ಕಯೆನ್‌ಗಿಂತ 30 ಮಿ.ಮೀ. ಕೆಳಗೆ ಇರಿಸಿದ್ದಾರೆ. ಎತ್ತರದವರ ತಲೆಗೆ ಜಾಗ ಸಿಗುತ್ತದೆ, ಆದರೆ ಮೊಣಕಾಲು ಸವೆದವರಿಗೆ ತಗ್ಗಿನ ಸೀಟಿನಿಂದ ಏಳುವುದು ಕಷ್ಟ. ಮಂಡಿ ಸೊಂಟಕ್ಕಿಂತ ಮೇಲೆ ಬರುವ ಭಂಗಿಯಿಂದ ಎದ್ದಾಗ ಕೀಲಿನ ಮೇಲೆ ಬೀಳುವ ಒತ್ತಡ ಹೆಚ್ಚು.

ಟೆಸ್ಟ್ ಡ್ರೈವ್ ದಿನ ಅವರನ್ನೇ ಕರೆದುಕೊಂಡು ಬನ್ನಿ. ಅವರು ಯಾರ ಸಹಾಯವೂ ಇಲ್ಲದೆ ಹತ್ತಿ ಇಳಿಯಲಿ. ಏರ್ ಸಸ್ಪೆನ್ಷನ್ ಇರುವ ಕಾರಿನಲ್ಲಿ ಎತ್ತರವನ್ನು ತಗ್ಗಿಸಿ ಮತ್ತು ತಗ್ಗಿಸದೆ ಎರಡು ರೀತಿಯಲ್ಲೂ ಹತ್ತಿ ನೋಡಲಿ. ನೀವೂ ಒಂದಷ್ಟು ದೂರ ಸ್ಟಿಯರಿಂಗ್ ಬಿಟ್ಟು ಹಿಂದೆ ಕುಳಿತುಕೊಳ್ಳಿ. ಜಿಟಿಎಸ್‌ನ ಬಿಗಿ ಸಸ್ಪೆನ್ಷನ್ ಚಾಲಕನಿಗೆ ಹಿತವೆನಿಸಿದಷ್ಟೇ ಹಿಂದೆ ಕೂತವರಿಗೂ ಹಿತವಾಗಿರಬೇಕೆಂದಿಲ್ಲ. ಬಂಡೀಪುರದ ಕಾಡಿನೊಳಗಿನ ಹಂಪ್‌ಗಳ ಸಾಲಿನಲ್ಲಿ ನೋವು ಕಾಡುವುದು ಹಿಂದೆ ಕೂತ ಹಿರಿಯರನ್ನೇ.

ತೋಟದಹಾದಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದ ಕ್ರಮದಲ್ಲೇ ಎರಡೂ ಕಾರುಗಳನ್ನು ಓಡಿಸಿದೆವು, ತಂದೆಯವರೂ ಜೊತೆಗಿದ್ದರು. ಹುಣಸೂರಿನ ಆಚೆ ಜಿಟಿಎಸ್ ಕೊಟ್ಟ ಸಂತೋಷ ದೊಡ್ಡದು, ಮಗನಿಗಂತೂ ಅದರ ಮೇಲೇ ಆಸೆ. ಆದರೆ ಮತ್ತೆ ಸಾಮಾನ್ಯ ಕಯೆನ್‌ಗೆ ಮರಳಿ ಅದೇ ದಾರಿಯಲ್ಲಿ ಹೋದಾಗ ನನಗೆ ಕೊರತೆ ಕಾಣಲಿಲ್ಲ. ನಾಲೆ ಏರಿಯ ಮೇಲೆ ಹಿಂದಿನ ಚಕ್ರ ತಿರುಗುವ ವ್ಯವಸ್ಥೆಯ ಬೆಲೆ ಅರ್ಥವಾಯಿತು. ಅದು ಇದ್ದ ಕಾರು ತೋಟದ ಗೇಟಿನಲ್ಲಿ ಒಂದೇ ಸಲಕ್ಕೆ ಒಳಗೆ ಹೋಯಿತು. ತಂದೆಯವರು ಸಾಮಾನ್ಯ ಕಯೆನ್‌ನ ಹಿಂದಿನ ಸೀಟೇ ಸಾಕು ಎಂದರು, ಕೂಪೆಯ ವಿಚಾರವನ್ನು ಅಲ್ಲಿಗೇ ಬಿಟ್ಟೆವು. ಏರ್ ಸಸ್ಪೆನ್ಷನ್, ಹಿಂಚಕ್ರ ಸ್ಟಿಯರಿಂಗ್, 20 ಇಂಚಿನ ಚಕ್ರಗಳೊಂದಿಗೆ ಸಾಮಾನ್ಯ ಕಯೆನ್ ಎಂದು ಮನಸ್ಸು ಮಾಡಿದ್ದೇನೆ. ಬುಕ್ ಮಾಡುವ ಮೊದಲು ಬೆಲೆಯ ವಿಷಯದಲ್ಲಿ ಗಮನಿಸಬೇಕಾದದ್ದು ಏನಾದರೂ ಇದೆಯೇ?

ಉತ್ತರ 4: ಮದ್ದೂರುಸೀಮೆ (ಮಂಡ್ಯ)

ಒಳ್ಳೆಯ ಆಯ್ಕೆ ಸರ್. ಕಾರ್ಖಾನೆಯಲ್ಲೇ ಅಳವಡಿಸುವ ಆಯ್ಕೆಗಳ ಬೆಲೆ ಕಾರಿನ ಬಿಲ್ಲಿಗೇ ಸೇರುತ್ತದೆ ಎಂಬುದನ್ನು ಮರೆಯಬೇಡಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಶೇ. 18ರ ಜೀವಾವಧಿ ತೆರಿಗೆ, ಆ ತೆರಿಗೆಯ ಮೇಲೆ ಉಪಕರ ಇರುವುದರಿಂದ, ಆಯ್ಕೆಯ ಪ್ರತಿ ಲಕ್ಷವೂ ಆನ್‌ರೋಡ್ ಬೆಲೆಯಲ್ಲಿ ಲಕ್ಷಕ್ಕಿಂತ ಹೆಚ್ಚಾಗುತ್ತದೆ. ಶೇ. 1ರ ಟಿಸಿಎಸ್ (ಮಾರುವವರು ಖರೀದಿದಾರರಿಂದ ಮೊದಲೇ ವಸೂಲು ಮಾಡುವ ತೆರಿಗೆ) ಕೂಡ ಹಿಡಿಯುತ್ತಾರೆ, ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ರಸೀದಿಯನ್ನು ಲೆಕ್ಕಪರಿಶೋಧಕರಿಗೆ ಕೊಡಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಜಿಎಸ್‌ಟಿ ಶೇ. 40 ಆಗಿ, ಮೊದಲಿದ್ದ ಪರಿಹಾರ ಸೆಸ್ ಹೋಗಿದೆ, ಹಾಗಾಗಿ ಅದಕ್ಕೂ ಹಿಂದಿನ ಬೆಲೆಪಟ್ಟಿಗಳನ್ನು ನಂಬಬೇಡಿ. ಆಯ್ಕೆಗಳನ್ನು ಒಂದೊಂದಾಗಿ ನಮೂದಿಸಿದ, ದಿನಾಂಕ ಹಾಕಿದ ಹೊಸ ಕೊಟೇಶನ್ ಕೈಗೆ ಬಂದ ಮೇಲೆಯೇ ಮುಂಗಡ ಕೊಡಿ. ಪೆಟ್ರೋಲ್ ಮುಚ್ಚಳದ ಒಳಗಿನ ಚೀಟಿಯಲ್ಲಿ ನಮೂದಿಸಿರುವ ಆಕ್ಟೇನ್ ಸಂಖ್ಯೆಯನ್ನು ಬರೆದುಕೊಂಡು, ಆ ಪೆಟ್ರೋಲ್ ಮೈಸೂರಿನಲ್ಲಿ ನಿಮಗೆ ಹತ್ತಿರದ ಯಾವ ಬಂಕಿನಲ್ಲಿ ಸಿಗುತ್ತದೆ ಎಂಬುದನ್ನೂ ಈಗಲೇ ವಿಚಾರಿಸಿಡಿ.